ಕಣಗಳ ನೆರೆಹೊರೆ

ಫ್ರಾಂಕ್ ಸ್ಪಿಟ್ಜರ್ 1926ರಲ್ಲಿ ವಿಯೆನ್ನಾ ನಗರದ ಯೆಹೂದಿ ಕುಟುಂಬವೊಂದರಲ್ಲಿ ಜನಿಸಿದರು. ಸುಮಾರು ಹನ್ನೆರಡರ ವಯಸ್ಸಿನಲ್ಲಿ ಬೇಸಿಗೆಯ ಶಿಬಿರಕ್ಕೆಂದು ಸ್ವೀಡನ್ನಿಗೆ ಹೋದ ಆ ಬಾಲಕ ಮಹಾಯುದ್ಧದ ವರ್ಷಗಳನ್ನೆಲ್ಲ ಅಲ್ಲಿಯೇ ಕಳೆಯಬೇಕಾಯಿತು. ಮುಂದೆ ಅಮೆರಿಕೆಗೆ ತೆರಳಿ, 1953ರಲ್ಲಿ ಡಾಕ್ಟರೇಟ್ ಪಡೆದು, ಕಾರ್ನೆಲ್ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರಾದರು.

ಸಂಭವನೀಯತೆಯೇ ಅವರ ಕ್ಷೇತ್ರ. ನಾಣ್ಯ ಚಿಮ್ಮಿ, ಬಿದ್ದ ಮುಖವನ್ನು ನೋಡಿ ಎಡಕ್ಕೋ ಬಲಕ್ಕೋ ಹೆಜ್ಜೆಯಿಡುವ ಕಣವೊಂದನ್ನು ಊಹಿಸಿಕೊಳ್ಳಿ. ಇಂತಹ ಯಾದೃಚ್ಛಿಕ ನಡಿಗೆಯನ್ನು ಕುರಿತು ಸ್ಪಿಟ್ಜರರು 1964ರಲ್ಲಿ ಪ್ರಕಟಿಸಿದ ಗ್ರಂಥ ಪ್ರಸಿದ್ಧವಾದುದು. ಆದರೆ ಲೋಕದಲ್ಲಿ ಕಣವು ಒಂಟಿಯಾಗಿರುವುದುಂಟೆ? 1970ರ ಪ್ರಬಂಧವೊಂದರಲ್ಲಿ ಅವರು ಅಸಂಖ್ಯ ಕಣಗಳನ್ನು ಒಟ್ಟಿಗೆ ನಡೆಯಬಿಟ್ಟರು. ಚೌಕಾಬಾರದ ಮನೆಗಳಂತೆ ಸಾಲಾಗಿ ಮನೆಗಳಿವೆ. ಒಂದು ಮನೆಗೆ ಒಂದೇ ಕಣ. ಪಕ್ಕದ ಮನೆ ಬರಿದಾಗಿದ್ದರೆ ಹೆಜ್ಜೆ. ತುಂಬಿದ್ದರೆ ನಿಂತಲ್ಲೇ ನಿಲ್ಲಬೇಕು.

ಹೀಗೆ ಒಂದಕ್ಕೊಂದು ಅಡ್ಡವಾದ ಮೇಲೆ ಪ್ರತಿಯೊಂದು ಕಣದ ಗತಿಯೂ ನೆರೆಯ ಕಣಗಳೊಡನೆ ಗಂಟುಬೀಳುತ್ತದೆ. ಲೆಕ್ಕವು ಕೈಗೆಟುಕದೆಂದೇ ತೋರುತ್ತದೆ. ಆದರೆ ಸೋಜಿಗವನ್ನು ನೋಡಿ: ಮೊದಲಲ್ಲಿ ಮನೆಮನೆಗೂ ಬೇರೆಬೇರೆಯಾಗಿ ನಾಣ್ಯ ಚಿಮ್ಮಿ, ರಾಜಮುಖ ಬಿದ್ದಲ್ಲಿ ಮಾತ್ರ ಕಣವನ್ನಿಟ್ಟಿದ್ದರೆ, ಎಷ್ಟು ಕಾಲ ಕಳೆದು ನೋಡಿದರೂ ಅವು ಆಗತಾನೇ ಹಾಗೆ ಇಟ್ಟಂತೆಯೇ ಹರಡಿಕೊಂಡಿರುತ್ತವೆ! ಕಣಗಳು ಸ್ಥಳ ಬದಲಿಸುತ್ತವೆ. ಹಂಚಿಕೆಯ ನಿಯಮ ಬದಲಾಗದು. ಇಂತಹ ಪರಸ್ಪರ ವರ್ತಿಸುವ ಕಣವ್ಯವಸ್ಥೆಗಳ ಅಧ್ಯಯನ ಗಣಿತದ ಒಂದು ಶಾಖೆಯಾಗಿಯೇ ಬೆಳೆಯಿತು. ಸ್ಪಿಟ್ಜರರು 1992ರಲ್ಲಿ ನಿಧನರಾದರು.

ಸ್ಪಿಟ್ಜರರ ಪ್ರಬಂಧಕ್ಕಿಂತ ಮೊದಲೇ, 1968ರಲ್ಲಿ, ಜೀವಕೋಶವು ಪ್ರೋಟೀನನ್ನು ಕಟ್ಟುವ ಬಗೆಯನ್ನು ಅರಿಯಲು ಬೇರೆ ವಿಜ್ಞಾನಿಗಳು ಇಂತಹುದೇ ಮಾದರಿಯನ್ನು ಬಳಸಿದ್ದರು. ಅಲ್ಲಿ ಆರ್‌.ಎನ್‌.ಎ. ಎಳೆಯ ಮೇಲೆ ರೈಬೋಸೋಮುಗಳು ಸಾಲಾಗಿ ಸಾಗುತ್ತವೆ. ಮುಂದಿನದು ಸರಿಯದೆ ಹಿಂದಿನದಕ್ಕೆ ದಾರಿಯಿಲ್ಲ.