ಸೋಮವಾರಕ್ಕೂ ಸಲ್ಲುವ ಸಂಡೇ ಸ್ಕೂಲ್: ಮಕ್ಕಳನ್ನು ಮಾದರಿಯಾಗಿ ಬೆಳೆಸಲು ಏಳು ಸೂತ್ರಗಳು

ಯುವಕ ತಿಮೊಥೆಯನಿಗೆ ಬರೆದ ಪತ್ರದಲ್ಲಿ ಪೌಲನು ಮಾತು, ನಡತೆ, ಪ್ರೀತಿ, ನಂಬಿಕೆ, ಶುದ್ಧತೆ ಈ ಐದರಲ್ಲಿ ಮಾದರಿಯಾಗಿರಬೇಕೆಂದು ಹೇಳುತ್ತಾನೆ. ನಮ್ಮ ಸಂಡೇ ಸ್ಕೂಲ್ ಮಕ್ಕಳಿಗೆ ಈ ವಾಕ್ಯ ಬಾಯಿಪಾಠ. ಕಂಠಪಾಠ ಸ್ಪರ್ಧೆಯಲ್ಲಿ ಬಹುಮಾನವನ್ನೂ ತಂದುಕೊಡುತ್ತದೆ. ಸೋಮವಾರ ಬೆಳಿಗ್ಗೆ ಶಾಲೆಯ ಬಸ್ಸು ಹತ್ತಿದ ಮೇಲೆ ಆ ವಾಕ್ಯವನ್ನು ಬದುಕುವುದು ಹೇಗೆ ಎಂಬುದನ್ನು ಮಾತ್ರ ಹೇಳಿಕೊಡುವವರು ಕಡಿಮೆ. ಆ ಕೆಲಸ ತಂದೆತಾಯಿಯರದು, ಶಿಕ್ಷಕರದು.

1. ಉಪದೇಶ ಕಡಿಮೆ ಮಾಡಿ, ಕೆಲಸ ಕೊಡಿ

'ಒಳ್ಳೆಯ ಮಾದರಿಯಾಗಿರು' ಎಂದರೆ ಹತ್ತು ವರ್ಷದ ಮಗುವಿನ ಕೈಗೆ ಏನೂ ಸಿಗುವುದಿಲ್ಲ. 'ಈ ವಾರ ಬಿಸಿಯೂಟದ ಸಾಲಿನಲ್ಲಿ ಮುಂದೆ ನುಗ್ಗಬೇಡ' ಎನ್ನಿ, ಸಿಗುತ್ತದೆ. 'ಹೊಸದಾಗಿ ಸೇರಿದ ಹುಡುಗನ ಪಕ್ಕ ಕುಳಿತು ಊಟ ಮಾಡು.' 'ಅಡ್ಡಹೆಸರಿಟ್ಟು ಕರೆಯುವವರ ಜೊತೆ ನಗಬೇಡ.' ವಾರಕ್ಕೆ ಒಂದೇ ಸಾಕು. ಮುಂದಿನ ಭಾನುವಾರ ವಿಚಾರಿಸಿ. ಆಗಲಿಲ್ಲ ಎಂದರೆ ಗದರಬೇಡಿ, ಅದನ್ನೇ ಇನ್ನೊಂದು ವಾರ ಮುಂದುವರಿಸಿ.

2. ಮನೆಯ ಮಾತು ಮೊದಲು ಸರಿಯಾಗಲಿ

ತಿಮೊಥೆಯನ ನಂಬಿಕೆಯ ಬಗ್ಗೆ ಹೇಳುವಾಗ ಪೌಲನು ಮೊದಲು ನೆನೆಯುವುದು ಅವನ ಅಜ್ಜಿ ಲೋವಿಯನ್ನು, ತಾಯಿ ಯೂನೀಕೆಯನ್ನು. ಆ ನಂಬಿಕೆ ಮನೆಯಲ್ಲೇ ಇತ್ತು. ನಮ್ಮ ಮನೆಗಳಲ್ಲಿ ಏನಿದೆ? ಚರ್ಚಿನಿಂದ ಬರುವ ದಾರಿಯುದ್ದಕ್ಕೂ ಫಾದರ ಪ್ರಸಂಗವನ್ನು, ಗಾನವೃಂದದವರ ಸೀರೆಯನ್ನು ಆಡಿಕೊಳ್ಳುತ್ತೇವೆ. ಸಾಲ ಕೊಟ್ಟವರ ಫೋನ್ ಬಂದರೆ 'ಅಪ್ಪ ಮನೆಯಲ್ಲಿಲ್ಲ ಅನ್ನು' ಎಂದು ಮಗುವಿನ ಕೈಗೆ ಕೊಡುತ್ತೇವೆ. ಆ ಸಂಜೆ ಜಪಸರಕ್ಕೆ ಮೊಣಕಾಲೂರಿದಾಗ ಮಗು ನೆನಪಿಟ್ಟುಕೊಳ್ಳುವುದು ಪ್ರಾರ್ಥನೆಗಿಂತ ಹೆಚ್ಚಾಗಿ ಆ ಸುಳ್ಳನ್ನು. ಕರಾವಳಿಯ ಕೊಂಕಣಿ ಕಥೋಲಿಕರ ಮನೆಗಳಲ್ಲಿ ಸಂಜೆಯ ಪ್ರಾರ್ಥನೆ ಮುಗಿದ ಮೇಲೆ ಮಕ್ಕಳು ಹಿರಿಯರಿಂದ 'ಬೆಸಾಂವ್' ಎಂಬ ಆಶೀರ್ವಾದ ಕೇಳುವ ಪದ್ಧತಿಯಿದೆ. ಆ ಆಶೀರ್ವಾದ ಕೊಡುವ ಕೈ ಹಗಲೆಲ್ಲ ಏನು ಮಾಡಿತೆಂದು ಮಕ್ಕಳು ಕಂಡಿರುತ್ತಾರೆ.

3. ತಪ್ಪನ್ನು ಸರಿಪಡಿಸುವುದನ್ನು ಕಲಿಸಿ

ಏಳರಲ್ಲಿ ಇದೇ ಮುಖ್ಯವೆಂದು ನನ್ನ ನಂಬಿಕೆ. ತಪ್ಪೇ ಮಾಡದ ಮಗು ಎಲ್ಲೂ ಇಲ್ಲ. ಮಾಡಿದ ತಪ್ಪನ್ನು ಹೇಗೆ ಸರಿಪಡಿಸಬೇಕೆಂದು ತಿಳಿದ ಮಗುವಾದರೆ ತರಗತಿಯವರೆಲ್ಲರ ಕಣ್ಣಿಗೆ ಬೀಳುತ್ತದೆ.

ಸುಂಕದವನಾದ ಜಕ್ಕಾಯನ ಕಥೆಯನ್ನು ಮರ ಹತ್ತಿದ ಕಥೆಯಾಗಿಯೇ ಹೇಳಿ ಮುಗಿಸುತ್ತೇವೆ. ಮಕ್ಕಳಿಗೆ ಅತ್ತಿಮರದ ಚಿತ್ರ ಕೊಟ್ಟು ಬಣ್ಣ ತುಂಬಿಸುತ್ತೇವೆ. ಅವನು ಮರದಿಂದ ಇಳಿದ ಮೇಲೆ ಆದದ್ದು ದೊಡ್ಡದು. ಆಸ್ತಿಯ ಅರ್ಧವನ್ನು ಬಡವರಿಗೆ ಕೊಡುವೆನೆಂದ, ಮೋಸದಿಂದ ಕಸಿದದ್ದನ್ನು ನಾಲ್ಕರಷ್ಟು ಹಿಂತಿರುಗಿಸುವೆನೆಂದ. ಅಲ್ಲಿ ನಿಲ್ಲಿಸಿ ಮಕ್ಕಳನ್ನು ಕೇಳಿ: ನೀವು ಯಾರಿಗಾದರೂ ಏನಾದರೂ ಹಿಂತಿರುಗಿಸಬೇಕೆ?

ಗೆಳತಿಯ ಜ್ಯಾಮಿಟ್ರಿ ಬಾಕ್ಸಿನಿಂದ ಕೈವಾರ ಎತ್ತಿಕೊಂಡು ಬಂದಿದ್ದರೆ ರಾತ್ರಿ ದೇವರಲ್ಲಿ ಕ್ಷಮೆ ಕೇಳಿದರೆ ಸಾಲದು. ಪಾಪನಿವೇದನೆಗೆ ಹೋಗಿ ಬಂದರೂ ಕೈವಾರ ಇನ್ನೂ ನಮ್ಮ ಮನೆಯಲ್ಲೇ ಇದೆ. ಅದನ್ನು ಮಗುವೇ ತನ್ನ ಕೈಯಾರೆ ಕೊಟ್ಟು, 'ನಾನೇ ತೆಗೆದಿದ್ದೆ' ಎನ್ನಬೇಕು. ಕಾಲು ನಡುಗುತ್ತದೆ, ನೀವೂ ಜೊತೆಗೆ ಹೋಗಿ. ಮಾತಾಡುವುದು ಮಾತ್ರ ಮಗುವೇ ಆಗಿರಲಿ. ನೀವು ವಿನಾಕಾರಣ ಬೈದಿದ್ದರೆ ಅದೇ ಮಗುವಿನ ಮುಂದೆ 'ನನ್ನದು ತಪ್ಪಾಯಿತು, ಮಗಾ' ಎನ್ನಿ.

4. ಬೇರೆ ಧರ್ಮದ ಗೆಳೆಯರ ನಡುವೆ ಗೌರವದಿಂದ

ನಮ್ಮ ಮಕ್ಕಳ ಗೆಳೆಯರಲ್ಲಿ ಹೆಚ್ಚಿನವರು ಹಿಂದೂಗಳು, ಮುಸಲ್ಮಾನರು. ಅವರ ದೇವರನ್ನು, ವಿಭೂತಿಯನ್ನು, ಟೋಪಿಯನ್ನು ಹಾಸ್ಯ ಮಾಡುವ ಒಂದು ಮಾತೂ ನಮ್ಮ ಮನೆಯಲ್ಲಿ ಹುಟ್ಟಬಾರದು. ಗೆಳೆಯ ಪ್ರಸಾದ ಕೊಟ್ಟರೆ ಏನು ಮಾಡಬೇಕೆಂಬುದು ಹಳೆಯ ಪ್ರಶ್ನೆ. ಪೌಲನೇ ಕೊರಿಂಥದವರಿಗೆ ಇಂಥದ್ದರ ಬಗ್ಗೆ ವಿವರವಾಗಿ ಬರೆದಿದ್ದಾನೆ. ಎಲ್ಲ ಮನೆಗಳ ತೀರ್ಮಾನ ಒಂದೇ ಆಗಿರುವುದಿಲ್ಲ. ನಿಮ್ಮ ಮನೆಯದು ಏನೇ ಇರಲಿ, ಬೇಡವೆನ್ನುವ ಮಗು ಮುಖ ಸಿಂಡರಿಸದೆ, ನಗುತ್ತಾ ಮೆಲ್ಲಗೆ ಹೇಳುವುದನ್ನು ಕಲಿತಿರಲಿ.

ಕ್ರಿಸ್ಮಸ್ಸಿಗೆ ಕುಸ್ವಾರಿನ (ಹಬ್ಬದ ತಿಂಡಿಗಳ) ತಟ್ಟೆಯನ್ನು ಮಕ್ಕಳ ಕೈಯಲ್ಲೇ ಕಳುಹಿಸಿ. ದೊಡ್ಡ ಮನೆಗಳಿಂದ ಶುರು ಮಾಡಬೇಡಿ. ಬೀದಿ ಗುಡಿಸುವ ಅಮ್ಮನಿಗೆ, ಅಪಾರ್ಟ್‌ಮೆಂಟಿನ ವಾಚ್‌ಮನ್‌ಗೆ ಮೊದಲ ತಟ್ಟೆ. ನೆವ್ರಿ, ಕಿಡಿಯೊ ಎಲ್ಲವೂ ಇರಲಿ, ಮುರಿದವನ್ನು ಆರಿಸಿ ಅವರ ತಟ್ಟೆಗೆ ಹಾಕಬೇಡಿ. ಮಗು ಅದನ್ನೂ ಗಮನಿಸುತ್ತದೆ.

5. ಫೋಟೊ ಬೇಡ

ಬೆಟ್ಟದ ಮೇಲಿನ ಪ್ರಸಂಗದಲ್ಲಿ ಯೇಸು ನಿಮ್ಮ ಬೆಳಕು ಜನರಿಗೆ ಕಾಣಲಿ ಎನ್ನುತ್ತಾರೆ. ತುಸು ಮುಂದೆ, ದಾನ ಮಾಡುವಾಗ ತುತೂರಿ ಊದಬೇಡಿ ಎಂದೂ ಹೇಳುತ್ತಾರೆ. ಹೊಗಳಿಕೆ ಯಾರಿಗೆ ಸೇರಬೇಕು ಎಂದು ಕೇಳಿದರೆ ಎರಡೂ ಕೂಡಿಬರುತ್ತವೆ. ಅದು ತಂದೆಯಾದ ದೇವರಿಗೆ ಸಲ್ಲಬೇಕು. ವೃದ್ಧಾಶ್ರಮದಲ್ಲಿ ಮಗು ಹಣ್ಣು ಹಂಚುವ ಚಿತ್ರವನ್ನು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿದರೆ, ಮುಂದಿನ ಸಲ ಅದರ ಕಣ್ಣು ಅಜ್ಜಿಯ ಮುಖದಿಂದ ಕ್ಯಾಮೆರಾದ ಕಡೆ ತಿರುಗುತ್ತದೆ.

6. ಚಿಕ್ಕವರ ಕಥೆಗಳನ್ನು ಹೇಳಿ

ದಾವೀದ, ದಾನಿಯೇಲರ ಕಥೆಗಳು ಇದ್ದೇ ಇವೆ. ನಾಮಾನನ ಮನೆಯ ಹುಡುಗಿಯ ಕಥೆಯನ್ನೂ ಹೇಳಿ. ಅವಳು ಸೆರೆಯಾಗಿ ಬಂದವಳು, ಅವಳ ಹೆಸರು ಕೂಡ ಬೈಬಲಿನಲ್ಲಿಲ್ಲ. ತನ್ನನ್ನು ದುಡಿಸಿಕೊಳ್ಳುವ ಧಣಿಯ ಕುಷ್ಠ ವಾಸಿಯಾಗಲೆಂದು ಬಯಸಿ ಪ್ರವಾದಿಯ ದಾರಿ ತೋರಿಸಿದವಳು ಅವಳೇ.

ದೊಡ್ಡ ಮಕ್ಕಳಿಗೆ ಕಾರ್ಲೊ ಅಕ್ಯುಟಿಸ್ ಹತ್ತಿರದವನೆನಿಸುತ್ತಾನೆ. 1991ರಲ್ಲಿ ಹುಟ್ಟಿ 2006ರಲ್ಲಿ, ಹದಿನೈದನೇ ವಯಸ್ಸಿಗೆ, ರಕ್ತದ ಕ್ಯಾನ್ಸರಿನಿಂದ ತೀರಿಕೊಂಡ ಇಟಲಿಯ ಹುಡುಗ. ಕಂಪ್ಯೂಟರ್ ಎಂದರೆ ಪ್ರಾಣ, ಆ ಜ್ಞಾನವನ್ನು ಪರಮಪ್ರಸಾದದ ಅದ್ಭುತಗಳ ವೆಬ್‌ಸೈಟ್ ಕಟ್ಟಲು ಬಳಸಿದ, ಬೀದಿಯಲ್ಲಿ ಮಲಗುವವರಿಗೆ ನೆರವಾದ. 2025ರ ಸೆಪ್ಟೆಂಬರ್ 7ರಂದು ಪೋಪ್ 14ನೇ ಲಿಯೋ ಅವನನ್ನು ಸಂತನೆಂದು ಘೋಷಿಸಿದರು.

7. 'ಪಾಸ್ಟರ್ ಮಗನಾಗಿ ಹೀಗಾ?' ಎನ್ನಬೇಡಿ

ಸಭಾಪಾಲಕರ, ಸಂಡೇ ಸ್ಕೂಲ್ ಶಿಕ್ಷಕರ ಮಕ್ಕಳು ಈ ಮಾತನ್ನು ಕೇಳಿ ಕೇಳಿ ಬಳಲಿದ್ದಾರೆ. ಜನರ ಕಣ್ಣಿಗೆ ಹೆದರಿ ಒಳ್ಳೆಯವನಾದ ಹುಡುಗ ಜನರಿಲ್ಲದ ಕಡೆ ಬೇರೆಯೇ ಆಗುತ್ತಾನೆ, ಹಾಸ್ಟೆಲ್ ಸೇರಿದ ಮೇಲೆ ಚರ್ಚಿನ ಕಡೆಗೆ ತಲೆಹಾಕದಿರಲೂಬಹುದು. ಅವರೂ ಮಕ್ಕಳೇ. ಆರಾಧನೆ ಮುಗಿದ ಮೇಲೆ ಚರ್ಚಿನ ಅಂಗಳದಲ್ಲಿ ಉಳಿದವರಂತೆ ಕೂಗಾಡಿಕೊಂಡು ಓಡಲಿ, ಬಿಡಿ.