ನೆರೆ ಬಂದಾಗ ನೆರೆಯವರು ಯಾರು?



ಕನ್ನಡದಲ್ಲಿ ‘ನೆರೆ’ ಎಂಬ ಪದಕ್ಕೆ ಎರಡು ಅರ್ಥ. ಉಕ್ಕಿ ಬರುವ ನೀರೂ ನೆರೆ, ಪಕ್ಕದ ಮನೆಯೂ ನೆರೆ. ಸಂತ ಲೂಕನ ಶುಭಸಂದೇಶದಲ್ಲಿ ಧರ್ಮಶಾಸ್ತ್ರಿಯೊಬ್ಬ ತನ್ನ ನೆರೆಯವನು ಯಾರೆಂದು ಕೇಳಿದಾಗ ಪ್ರಭು ಯೇಸು ದಾರಿಯಲ್ಲಿ ಬಿದ್ದಿದ್ದ ಗಾಯಾಳುವಿನ ಸಾಮತಿಯನ್ನು ಹೇಳಿದರು. ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯಲ್ಲಿ ಅದೇ ಪ್ರಶ್ನೆಯನ್ನು ಹಳ್ಳದ ದಂಡೆಯ ಮೇಲೆ ನಿಂತು ಕೇಳಬಹುದು. ನಿಮ್ಮ ಹೊಲದಿಂದ ಹರಿದ ನೀರು ಯಾರ ಹೊಲಕ್ಕೆ, ಯಾರ ಮನೆಗೆ ಹೋಗುತ್ತದೆಯೋ ಅವರು ನಿಮ್ಮ ನೆರೆಯವರು.

‘ಇದು ಬರದ ಸೀಮೆ, ಇಲ್ಲಿ ನೆರೆಯ ಪಾಠವೇಕೆ?’ ಎಂದು ನೀವು ಕೇಳಬಹುದು. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ ಬೀಳುವ ನಾಡಿದು, ಕೊಡ ಹೊತ್ತು ನೀರು ತಂದ ತಾಯಂದಿರ ನಾಡು. ಆದರೆ 2009ನ್ನು ನೆನಪಿಸಿಕೊಳ್ಳಿ. ಆ ವರ್ಷ ದೇಶದಲ್ಲೇ ಮುಂಗಾರು ಕೈಕೊಟ್ಟಿತ್ತು. ಸೆಪ್ಟೆಂಬರ್ ಕೊನೆಯಲ್ಲಿ, ಅಕ್ಟೋಬರ್ ಮೊದಲ ದಿನಗಳಲ್ಲಿ, ತಡೆಯಿಲ್ಲದೆ ಮಳೆ ಸುರಿಯಿತು. ರಾಜ್ಯದಲ್ಲಿ 200ಕ್ಕೂ ಹೆಚ್ಚು ಜನರು ಜೀವ ಕಳೆದುಕೊಂಡರು. ಅನೇಕರನ್ನು ಕೊಂದದ್ದು ಹೊಳೆಯ ನೀರಲ್ಲ, ನೆನೆದು ಕುಸಿದ ಮಣ್ಣಿನ ಗೋಡೆ.

ಒಣ ಸೀಮೆಯಲ್ಲಿ ಹೀಗಾಗಲು ನಮ್ಮ ಎರೆಮಣ್ಣೂ ಒಂದು ಕಾರಣ. ಬೇಸಿಗೆಯಲ್ಲಿ ಬಿರುಕು ಬಿಟ್ಟ ಎರೆಭೂಮಿ ಮೊದಲ ಮಳೆಗಳನ್ನೆಲ್ಲ ನುಂಗಿಕೊಳ್ಳುತ್ತದೆ. ನೀರು ಕುಡಿದಂತೆ ಮಣ್ಣು ಉಬ್ಬಿ ಬಿರುಕು ಮುಚ್ಚುತ್ತದೆ. ಆಮೇಲೆ ಬಿದ್ದ ಮಳೆ ಒಳಗಿಳಿಯಲು ದಾರಿ ಕಾಣದೆ ಮೇಲೇ ಹರಿಯುತ್ತದೆ, ಹರಿಯುವಾಗ ಮಣ್ಣನ್ನೂ ಕೊಚ್ಚಿಕೊಂಡು ಹೋಗುತ್ತದೆ. ಸೆಪ್ಟೆಂಬರ್ ನಮ್ಮಲ್ಲಿ ಹೆಚ್ಚು ಮಳೆಯ ತಿಂಗಳು. ಹೊಲದಲ್ಲಿ ತೊಗರಿ ನಿಂತಿರುತ್ತದೆ, ಬಿಳಿಜೋಳದ ಬಿತ್ತನೆಗೆ ರೈತ ಸಿದ್ಧನಾಗುತ್ತಿರುತ್ತಾನೆ. ಆ ಹೊತ್ತಿನ ನೆರೆ ನಿಂತ ಬೆಳೆಯನ್ನೂ ಬಿತ್ತಬೇಕಾದ ಬೆಳೆಯನ್ನೂ ಒಟ್ಟಿಗೆ ಕೆಡಿಸುತ್ತದೆ.

ಗುರುಮಠದ ತತ್ವಶಾಸ್ತ್ರದ ತರಗತಿಯಲ್ಲಿ ಕೇಡನ್ನು ಎರಡಾಗಿ ವಿಂಗಡಿಸಿ ಕಲಿಸುತ್ತಾರೆ: ಪ್ರಕೃತಿಯಿಂದ ಬರುವ ಕೇಡು, ಮನುಷ್ಯನ ಇಚ್ಛೆಯಿಂದ ಬರುವ ಕೇಡು. ಪುಸ್ತಕದಲ್ಲಿ ಇವೆರಡರ ನಡುವೆ ಅಚ್ಚುಕಟ್ಟಾದ ಗೆರೆ ಇರುತ್ತದೆ. ಹಳ್ಳದ ದಂಡೆಯಲ್ಲಿ ಆ ಗೆರೆ ಅಷ್ಟು ಸ್ಪಷ್ಟವಾಗಿ ಕಾಣುವುದಿಲ್ಲ. ಮೂರು ದಿನ ಮಳೆ ಸುರಿದದ್ದು ಯಾರ ತಪ್ಪೂ ಅಲ್ಲ. ಆದರೆ ಹಳ್ಳದ ಪಾತ್ರವನ್ನು ಒತ್ತಿ ಉತ್ತವರು ಯಾರು? ಮೋರಿಯ ಬಾಯಿಗೆ ಕಸ ಸುರಿದವರು ಯಾರು? ‘ಎಲ್ಲಾ ದೇವರ ಇಚ್ಛೆ’ ಎಂದು ಸತ್ತವರ ಮನೆಯಲ್ಲಿ ಹೇಳುವ ಮುನ್ನ ಈ ಲೆಕ್ಕವನ್ನು ಬೇರ್ಪಡಿಸಿ ನೋಡುವುದು ಒಳ್ಳೆಯದು. ದೇವರ ಹೆಸರಿಗೆ ನಮ್ಮ ಸಾಲವನ್ನು ಬರೆಯಬಾರದು.

ಡೋಣಿಯನ್ನೇ ತೆಗೆದುಕೊಳ್ಳಿ. ಮಹಾರಾಷ್ಟ್ರದ ಜತ್ತ ಸೀಮೆಯಲ್ಲಿ ಹುಟ್ಟಿ, ನಮ್ಮ ಜಿಲ್ಲೆಯ ನಡುವೆ ಹಾದು, ಬಾಗೇವಾಡಿ, ತಾಳಿಕೋಟೆ ಭಾಗದ ಎರೆಹೊಲಗಳನ್ನು ಬಳಸಿಕೊಂಡು, ಮುಂದೆ ಯಾದಗಿರಿ ಜಿಲ್ಲೆಯಲ್ಲಿ ಕೃಷ್ಣೆಯನ್ನು ಸೇರುವ ನದಿ ಇದು. ಡೋಣಿಯ ದಂಡೆ ಬೆಳೆದರೆ ಓಣಿಗೆಲ್ಲ ಕಾಳು ಎಂದು ಹಿರಿಯರು ಹೆಮ್ಮೆಪಡುತ್ತಿದ್ದರು. ಬಹುಭಾಗ ಅದರ ನೀರು ಉಪ್ಪು, ಕುಡಿಯಲು ಬಾರದು. ಆದರೂ ಅದರ ಎರೆಯಲ್ಲಿ ಬೆಳೆದ ಜೋಳಕ್ಕೆ ಎಣೆಯಿಲ್ಲ. ಇಂದು ಆ ನದಿ ಹೂಳು ತುಂಬಿ ತಟ್ಟೆಯಂತೆ ಆಳವಿಲ್ಲದೆ ಹರಡಿದೆ, ಪಾತ್ರದಲ್ಲಿ ಬಳ್ಳಾರಿ ಜಾಲಿ ಬೆಳೆದಿದೆ. ಇಳಿಜಾರು ಮೊದಲೇ ಕಡಿಮೆ, ತಿರುವುಗಳು ಹೆಚ್ಚು. ಹೀಗಾಗಿ ಸಾಧಾರಣ ಮಳೆಗೂ ನೀರು ದಂಡೆ ಬಿಟ್ಟು ಹೊಲಕ್ಕೆ ನುಗ್ಗುತ್ತದೆ. ತಾಳಿಕೋಟೆ–ಹಡಗಿನಾಳ ರಸ್ತೆಯ ತಗ್ಗಿನ ಸೇತುವೆ ಮತ್ತೆ ಮತ್ತೆ ಮುಳುಗಿದ ಸುದ್ದಿಯನ್ನು ನೀವು ಓದಿರುತ್ತೀರಿ.

ಹೂಳೆತ್ತಬೇಕೆಂಬ ಬೇಡಿಕೆ ಹಳೆಯದು, ನ್ಯಾಯವಾದದ್ದು. ಆದರೆ ಆ ಹೂಳು ಬಂದದ್ದೆಲ್ಲಿಂದ? ಬದು ಒಡೆದ ನಮ್ಮ ಹೊಲಗಳಿಂದ. ಮೇಲಿನ ಮಣ್ಣು ನಿಲ್ಲದೆ ಇದ್ದರೆ ಎತ್ತಿದ ಹೂಳು ಕೆಲವೇ ಮಳೆಗಾಲಗಳಲ್ಲಿ ಮರಳಿ ತುಂಬುತ್ತದೆ. ಸರಕಾರದ ಯಂತ್ರ ಬರುವವರೆಗೆ ಕಾಯದೆ ರೈತ ಕುಟುಂಬ ತಾನೇ ಮಾಡಬಹುದಾದ ಕೆಲಸಗಳಿವೆ. ಏಪ್ರಿಲ್, ಮೇ ತಿಂಗಳಲ್ಲಿ ಒಡೆದ ಬದು, ಒಡ್ಡುಗಳನ್ನು ಕಟ್ಟಿಕೊಳ್ಳಿ. ಹೆಚ್ಚಾದ ನೀರು ಹೊರಹೋಗುವ ಕಡೆ ಕಲ್ಲು ಜೋಡಿಸಿ, ಇಲ್ಲವಾದರೆ ಒಡ್ಡೇ ಕಿತ್ತುಹೋಗುತ್ತದೆ. ಇಳಿಜಾರಿಗೆ ಅಡ್ಡಲಾಗಿ ಉಳಿ, ಅಡ್ಡಲಾಗಿ ಬಿತ್ತಿ. ಹಳ್ಳದ ಅಂಚಿನ ತನಕ ನೇಗಿಲು ಹಾಯಿಸಬೇಡಿ, ಕೆಲವು ಹೆಜ್ಜೆ ಅಗಲ ಕರಕಿ ಹುಲ್ಲು ಬಿಡಿ. ಎರಡು ಸಾಲು ತೊಗರಿ ಹೋಯಿತೆಂಬ ಲೆಕ್ಕ ಹಾಕುವವರು, ಪ್ರತಿ ಮಳೆಗೆ ಹಳ್ಳ ತಿನ್ನುವ ದಂಡೆಯ ಲೆಕ್ಕವನ್ನೂ ಹಾಕಲಿ.

ಜಾಲಿಯನ್ನು ಕಡಿದರೆ ಸಾಲದು, ಬುಡದಿಂದ ಮತ್ತೆ ಚಿಗುರುತ್ತದೆ. ಬೇರುಸಹಿತ ಕೀಳಬೇಕು, ಕಿತ್ತದ್ದನ್ನು ಪಾತ್ರದಲ್ಲೇ ಬಿಡಬಾರದು. ಅದು ತೇಲಿಹೋಗಿ ಮುಂದಿನ ಊರಿನ ಸೇತುವೆಯ ಕಂಬಕ್ಕೆ ಸಿಕ್ಕಿ ಅಣೆಕಟ್ಟಿನಂತೆ ನೀರು ತಡೆಯುತ್ತದೆ. ತೊಗರಿಗೂ ದ್ರಾಕ್ಷಿಗೂ ಹೊಡೆದ ಔಷಧದ ಡಬ್ಬಿಗಳನ್ನು ಹಳ್ಳದಲ್ಲಿ ತೊಳೆಯುವ ಅಭ್ಯಾಸವನ್ನು ಇಂದೇ ನಿಲ್ಲಿಸಿ. ಡಬ್ಬಿಯನ್ನು ಮೂರು ಸಲ ಗಲಬರಿಸಿ ಆ ನೀರನ್ನು ಪಂಪಿಗೇ ಸುರಿದು ಬೆಳೆಗೆ ಹೊಡೆಯಿರಿ. ಕೆಳಗಿನ ಊರಿನ ದನಗಳು ಅದೇ ಹಳ್ಳದ ನೀರು ಕುಡಿಯುತ್ತವೆ. ಶುದ್ಧ ಕುಡಿಯುವ ನೀರು ಮನುಷ್ಯನ ಮೂಲಭೂತ ಹಕ್ಕು ಎಂದು ಜಗದ್ಗುರು ಫ್ರಾನ್ಸಿಸ್ ಅವರು 2015ರ ‘ಲೌದಾತೊ ಸಿ’ ಪರಿಪತ್ರದಲ್ಲಿ ಬರೆದರು. ಆ ಹಕ್ಕನ್ನು ಕಸಿಯುವವರು ದೊಡ್ಡ ಕಾರ್ಖಾನೆಯವರು ಮಾತ್ರ ಎಂದು ನಾವು ಭಾವಿಸಬಾರದು.

ಭೀಮೆಯ ಕಥೆ ಬೇರೆ. ಚಡಚಣ, ಇಂಡಿ, ಆಲಮೇಲ, ಸಿಂದಗಿ ಕಡೆಯ ಭೀಮಾತೀರದ ಹಳ್ಳಿಗಳಿಗೆ ದೊಡ್ಡ ನೆರೆ ಬರುವುದು ಹೆಚ್ಚಾಗಿ ಮಹಾರಾಷ್ಟ್ರದಿಂದ. ಸೊಲ್ಲಾಪುರ ಜಿಲ್ಲೆಯ ಉಜನಿ ಜಲಾಶಯದಿಂದ ಬಿಟ್ಟ ನೀರಿಗೆ ನೀರಾ, ಸೀನಾ ನದಿಗಳ ನೀರೂ ಕೂಡುತ್ತದೆ. ನಮ್ಮಲ್ಲಿ ಬಿಸಿಲಿದ್ದರೂ ಹೊಳೆ ಏರಬಹುದು. 2020ರ ಅಕ್ಟೋಬರ್‌ನಲ್ಲಿ ಹಾಗೂ 2025ರ ಸೆಪ್ಟೆಂಬರ್‌ನಲ್ಲಿ ಭೀಮೆ ಉಕ್ಕಿ ಊರುಗಳನ್ನು ಸುತ್ತುವರಿದದ್ದು ಹೀಗೆಯೇ. ಈ ನೆರೆಯಲ್ಲಿ ಒಂದು ಅನುಕೂಲವಿದೆ: ಅಣೆಕಟ್ಟಿನ ಬಾಗಿಲು ತೆರೆದ ಕೂಡಲೇ ನೀರು ನಮ್ಮ ಬಾಗಿಲಿಗೆ ಬರುವುದಿಲ್ಲ, ದಾರಿ ಸವೆಸಲು ಅದಕ್ಕೆ ಹೊತ್ತು ಬೇಕು. ಆ ಹೊತ್ತನ್ನು ನಾವು ಬಳಸುತ್ತೇವೆಯೋ, ದಂಡೆಯಲ್ಲಿ ನಿಂತು ನೀರು ನೋಡುತ್ತಾ ಕಳೆಯುತ್ತೇವೆಯೋ ಎಂಬುದೇ ಪ್ರಶ್ನೆ.

ಸುದ್ದಿಯಲ್ಲಿ ‘ಇಷ್ಟು ಲಕ್ಷ ಕ್ಯೂಸೆಕ್ ಬಿಡುಗಡೆ’ ಎಂದು ಕೇಳುತ್ತೇವೆ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಸುಮಾರು 28 ಲೀಟರ್. ಒಂದು ಲಕ್ಷ ಕ್ಯೂಸೆಕ್ ಎಂದರೆ ಸೆಕೆಂಡಿಗೆ 28 ಲಕ್ಷ ಲೀಟರ್ ನೀರು. ಅದು ಒಂದು ಹಗಲು ಒಂದು ರಾತ್ರಿ ಹರಿದರೆ ಎಂಟೂವರೆ ಟಿಎಂಸಿಗಿಂತ ಹೆಚ್ಚು. ಆದರೆ ಈ ಅಂಕಿ ನಿಮ್ಮ ಊರಿಗೆ ಏನು ಹೇಳುತ್ತದೆ? ಅದನ್ನು ತಿಳಿಯುವ ಸುಲಭ ಉಪಾಯವಿದೆ. ಹಿಂದಿನ ನೆರೆ ಎಲ್ಲಿಯವರೆಗೆ ಬಂದಿತ್ತೆಂಬುದನ್ನು ಶಾಲೆಯ ಗೋಡೆಯ ಮೇಲೆ, ಗುಡಿಯ ಅಥವಾ ಚರ್ಚಿನ ಕಂಬದ ಮೇಲೆ ಬಣ್ಣದಿಂದ ಗುರುತಿಸಿ, ವರ್ಷ ಬರೆಯಿರಿ, ಆಗ ಎಷ್ಟು ನೀರು ಬಿಟ್ಟಿದ್ದರೆಂದೂ ಬರೆಯಿರಿ. ಮುಂದಿನ ಸಲ ಸುದ್ದಿ ಕೇಳಿದ ಕೂಡಲೇ ಯಾವ ಓಣಿ ಮೊದಲು ಖಾಲಿಯಾಗಬೇಕೆಂಬುದು ಮಕ್ಕಳಿಗೂ ಗೊತ್ತಾಗುತ್ತದೆ. ಹೊಳೆಯಂಚಿನ ಪಂಪಸೆಟ್ಟನ್ನು ಮೊದಲ ಎಚ್ಚರಿಕೆಗೇ ಮೇಲೆ ತನ್ನಿ. ನೀರು ಏರಿದ ಮೇಲೆ ಮೋಟಾರು ತರಲು ಇಳಿಯುವುದು ಜೀವಕ್ಕೆ ಅಪಾಯ. ಮೋಟಾರಿನ ಬೆಲೆ ತೀರಿಸಬಹುದು, ಮನೆಯ ಯಜಮಾನನ ಬೆಲೆ ಯಾರು ತೀರಿಸುವರು?

ಕೃಷ್ಣಾತೀರದವರು ಆಲಮಟ್ಟಿ, ನಾರಾಯಣಪುರ ಜಲಾಶಯಗಳ ಪ್ರಕಟಣೆಯನ್ನು ಹೀಗೆಯೇ ಗಮನಿಸಬೇಕು.

ಇನ್ನು ಮನೆಯ ಸಿದ್ಧತೆ. ಮಣ್ಣಿನ ಮಾಳಿಗೆಯ ಮನೆಯವರು ಮಳೆಗಾಲಕ್ಕೆ ಮುನ್ನ ಮಾಳಿಗೆಗೆ ಮಣ್ಣು ಹಾಕಿ ಬಡಿದು, ನೀರು ಹೋಗುವ ದೋಣಿಗಳನ್ನು ಸ್ವಚ್ಛಗೊಳಿಸಿ. ಎರಡು ದಿನ ಸತತ ಮಳೆ ಹಿಡಿದರೆ, ಗೋಡೆ ಉಬ್ಬಿದರೆ, ಮಣ್ಣು ಉದುರಿದರೆ, ಆ ರಾತ್ರಿ ಅಲ್ಲಿ ಮಲಗಬೇಡಿ. 2009ರ ನಂತರ ‘ಆಸರೆ’ ಯೋಜನೆಯಲ್ಲಿ ಎತ್ತರದಲ್ಲಿ ಕಟ್ಟಿದ ಮನೆಗಳು ಕೆಲವೆಡೆ ಖಾಲಿ ಉಳಿದವು. ಹೊಲ ದೂರ, ದನ ಕಟ್ಟಲು ಜಾಗವಿಲ್ಲ ಎಂಬ ಜನರ ದೂರು ಸುಳ್ಳಲ್ಲ. ಬಡವರಿಗೆ ಮನೆ ಕಟ್ಟುವವರು ಅವರ ಎತ್ತನ್ನೂ ಲೆಕ್ಕಕ್ಕೆ ಹಿಡಿಯಬೇಕು. ಆದರೂ ಮಳೆಯ ರಾತ್ರಿಗಳಿಗಾದರೂ ಅಂಥ ಮನೆ ಆಸರೆಯಾಗಲಿ.

ಆಧಾರ್, ರೇಷನ್ ಕಾರ್ಡು, ಉತಾರ, ಬ್ಯಾಂಕಿನ ಪಾಸ್‌ಬುಕ್ಕು, ಮನೆಯ ಹಿರಿಯರ ಮಾತ್ರೆಗಳು ಒಂದೇ ಪ್ಲಾಸ್ಟಿಕ್ ಚೀಲದಲ್ಲಿರಲಿ. ಬೀಜದ ಕಾಳನ್ನು ಹಗೇವಿನಲ್ಲಿ ಬಿಡದೆ ಎತ್ತರಕ್ಕೆ ಒಯ್ಯಿರಿ. ಕಣಿಕೆ ಬಣವೆಯನ್ನು ತಗ್ಗಿನಲ್ಲಿ ಒಟ್ಟಬೇಡಿ. ನೀರು ನುಗ್ಗುವ ಸೂಚನೆ ಕಂಡರೆ ದನಕರುಗಳ ಹಗ್ಗ ಬಿಚ್ಚಿ. ಸೇತುವೆಯ ಮೇಲೆ ನೀರು ಹರಿಯುತ್ತಿದ್ದರೆ ದಾಟಬೇಡಿ. ಮೊಳಕಾಲು ಮಟ್ಟದ ರಭಸದ ನೀರು ಗಟ್ಟಿಮುಟ್ಟಾದ ಆಳನ್ನೂ ಕೆಡವುತ್ತದೆ, ಬೈಕಿನ ಮಾತೇ ಬೇಡ. ಜಿಲ್ಲಾ ವಿಪತ್ತು ಸಹಾಯವಾಣಿ 1077, ತುರ್ತು ಕರೆಗೆ 112. ಇವನ್ನು ಗೋಡೆಯ ಮೇಲೆ ಬರೆದಿಡಿ.

ಈ ಭಾನುವಾರ ಪೂಜೆಯ ನಂತರ ಅಥವಾ ಸ್ತ್ರೀಶಕ್ತಿ ಸಂಘದ ವಾರದ ಸಭೆಯಲ್ಲಿ ಒಂದು ಪಟ್ಟಿ ಮಾಡಿ. ಓಣಿಯಲ್ಲಿ ಒಂಟಿಯಾಗಿರುವ ಅಜ್ಜಿ ಯಾರು, ನಡೆಯಲಾರದವರು ಯಾರು, ದಿನ ತುಂಬಿದ ಗರ್ಭಿಣಿ ಯಾರು, ದುಡಿಯಲು ಗುಳೆ ಹೋದವರ ಮಕ್ಕಳು ಯಾರ ಬಳಿ ಇದ್ದಾರೆ? ಪ್ರತಿ ಹೆಸರಿನ ಮುಂದೆ, ಮಧ್ಯರಾತ್ರಿ ಅವರ ಬಾಗಿಲು ತಟ್ಟಬೇಕಾದವರ ಹೆಸರನ್ನು ಬರೆಯಿರಿ. ಜಾತಿ ಮತ ನೋಡದೆ ಬರೆಯಿರಿ. ಆ ಸಾಮತಿಯಲ್ಲಿ ಗಾಯಾಳುವನ್ನು ಎತ್ತಿಕೊಂಡವನು ಅನ್ಯ ಕುಲದವನೇ ಆಗಿದ್ದ.

ನೀರು ಇಳಿದ ಮೇಲೆ ಮನೆಯೊಳಗೆ ಕಾಲಿಡುವ ಮುನ್ನ ಕೋಲಿನಿಂದ ತಟ್ಟಿ, ಹಾವು ಸೇರಿರುತ್ತವೆ. ಗೋಡೆ ಒಣಗಿದೆಯೇ ನೋಡದೆ ವಿದ್ಯುತ್ ಸ್ವಿಚ್ ಮುಟ್ಟಬೇಡಿ. ಬಾವಿಗೆ ಬ್ಲೀಚಿಂಗ್ ಪುಡಿ ಹಾಕಿಸುವವರೆಗೆ ಆ ನೀರು ಬಳಸಬೇಡಿ, ಕುಡಿಯುವ ನೀರನ್ನು ಕುದಿಸಿಯೇ ಕುಡಿಯಿರಿ. ಕೆಸರು ಬಳಿಯುವ ಮೊದಲು ಮನೆಯ, ಹೊಲದ ಫೋಟೋ ತೆಗೆಯಿರಿ. ಬೆಳೆ ವಿಮೆ ಮಾಡಿಸಿದ್ದರೆ ಹೊಲ ಜಲಾವೃತವಾದ 72 ತಾಸಿನೊಳಗೆ ತಿಳಿಸಬೇಕೆಂಬ ನಿಯಮವಿದೆ. ಓದು ಬಾರದ ನೆರೆಯವರ ಅರ್ಜಿಯನ್ನೂ ನಿಮ್ಮ ಅರ್ಜಿಯ ಜೊತೆಗೇ ಬರೆದುಕೊಡಿ.