ಮಾತ್ರೆ ನುಂಗಿದರೂ ಥೈರಾಯ್ಡ್ ಬೇಗ ಹತೋಟಿಗೆ ಬರುವುದಿಲ್ಲವೇಕೆ?

ಪ್ರಶ್ನೆ: ಗ್ರೇವ್ಸ್ ಕಾಯಿಲೆಯಿಂದ ಥೈರಾಯ್ಡ್ ಹಾರ್ಮೋನು ಹೆಚ್ಚಾಗಿರುವ ಮಹಿಳೆಯೊಬ್ಬರು ಕಾರ್ಬಿಮಜೋಲ್ ಮಾತ್ರೆ ಆರಂಭಿಸಿ ಎರಡು ವಾರ ಕಳೆದರೂ ಎದೆಬಡಿತ, ಕೈನಡುಕ ನಿಂತಿಲ್ಲ. ಔಷಧಿ ನಾಟುತ್ತಿಲ್ಲವೇ?

ಉತ್ತರ: ಹಾಗೆಂದು ಇಷ್ಟು ಬೇಗ ತೀರ್ಮಾನಿಸುವಂತಿಲ್ಲ. ಥೈರಾಯ್ಡ್ ಗ್ರಂಥಿಯು ಸಾಮಾನ್ಯವಾಗಿ ಎರಡು ಮೂರು ತಿಂಗಳಿಗೆ ಸಾಲುವಷ್ಟು ಹಾರ್ಮೋನನ್ನು ಮೊದಲೇ ತಯಾರಿಸಿ ದಾಸ್ತಾನು ಮಾಡಿಟ್ಟುಕೊಂಡಿರುತ್ತದೆ. ಕಾರ್ಬಿಮಜೋಲ್ ಹೊಸ ತಯಾರಿಕೆಯನ್ನು ತಡೆಯುತ್ತದೆಯೇ ಹೊರತು ಈ ದಾಸ್ತಾನನ್ನು ಮುಟ್ಟುವುದಿಲ್ಲ.

ಗ್ರಂಥಿಯ ಜೀವಕೋಶಗಳು ಸೂಕ್ಷ್ಮವಾದ ಟೊಳ್ಳಿನ ಸುತ್ತ ಒತ್ತಾಗಿ ಕೂಡಿಕೊಂಡಿದ್ದು, ಥೈರೋಗ್ಲಾಬ್ಯುಲಿನ್ ಎಂಬ ಬೃಹತ್ ಪ್ರೋಟೀನನ್ನು ತಯಾರಿಸಿ ಆ ಟೊಳ್ಳಿಗೆ ಸ್ರವಿಸುತ್ತವೆ. ಅಲ್ಲಿ ಪೆರಾಕ್ಸಿಡೇಸ್ ಎಂಬ ಕಿಣ್ವವು ಪ್ರೋಟೀನಿನ ಟೈರೋಸಿನ್ ಘಟಕಗಳಿಗೆ ಅಯೋಡಿನ್ ಸೇರಿಸಿ, ಅವುಗಳಲ್ಲಿ ಕೆಲವನ್ನು ಎರಡೆರಡಾಗಿ ಬೆಸೆದಾಗ ಟಿ4 ಮತ್ತು ಟಿ3 ಹಾರ್ಮೋನುಗಳು ರೂಪುಗೊಳ್ಳುತ್ತವೆಯಾದರೂ, ಅವು ಪ್ರೋಟೀನಿಗೇ ಅಂಟಿಕೊಂಡು ಉಳಿಯುತ್ತವೆ. ಮಾತ್ರೆ ಅಡ್ಡಿಪಡಿಸುವುದು ಈ ಕಿಣ್ವಕ್ಕೆ. ಪಿಟ್ಯುಟರಿ ಗ್ರಂಥಿಯ ಟಿಎಸ್‌ಎಚ್, ಅಥವಾ ಗ್ರೇವ್ಸ್ ಕಾಯಿಲೆಯಲ್ಲಿ ಅದರಂತೆಯೇ ವರ್ತಿಸುವ ಪ್ರತಿಕಾಯಗಳು ಪ್ರಚೋದಿಸಿದೊಡನೆ ಜೀವಕೋಶಗಳು ದಾಸ್ತಾನಿನ ಪ್ರೋಟೀನನ್ನು ಒಳಕ್ಕೆ ಎಳೆದುಕೊಳ್ಳುತ್ತವೆ; ಲೈಸೋಸೋಮ್ ಎಂಬ ಪುಟ್ಟ ಚೀಲದಲ್ಲಿ ಕ್ಯಾಥೆಪ್ಸಿನ್ ಕಿಣ್ವಗಳು ಅದನ್ನು ತುಂಡರಿಸಿದಾಗ ಬಿಡುಗಡೆಯಾದ ಹಾರ್ಮೋನು ರಕ್ತವನ್ನು ಸೇರುತ್ತದೆ.

ಇದಕ್ಕಿಂತ ಅಚ್ಚರಿಯ ಸಂಗತಿಯೆಂದರೆ ಗ್ರಂಥಿಯ ಮಿತವ್ಯಯ. ಒಳಗೆಳೆದುಕೊಂಡ ಥೈರೋಗ್ಲಾಬ್ಯುಲಿನ್‌ನಲ್ಲಿ ಇನ್ನೂ ಪಕ್ವವಾಗದ ಒಂದಷ್ಟು ಭಾಗ ಜೀರ್ಣವಾಗದೆ ಮತ್ತೆ ಟೊಳ್ಳಿಗೇ ಮರಳುತ್ತದೆ. ಅಯೋಡಿನ್ ಹೊತ್ತಿದ್ದರೂ ಹಾರ್ಮೋನಾಗದೆ ಉಳಿದ ಟೈರೋಸಿನ್‌ಗಳಿಂದ ಮತ್ತೊಂದು ಕಿಣ್ವವು ಅಯೋಡಿನ್ ಬಿಡಿಸಿ ಮರುಬಳಕೆಗೆ ಒದಗಿಸುತ್ತದೆ. ವಯಸ್ಕರಿಗೆ ದಿನಕ್ಕೆ 150 ಮೈಕ್ರೋಗ್ರಾಂ ಅಯೋಡಿನ್ ಸಾಕಾಗುವುದಕ್ಕೆ ಈ ಉಳಿತಾಯವೂ ಒಂದು ಕಾರಣ. ಹುಟ್ಟಿನಿಂದಲೇ ಆ ಕಿಣ್ವ ಕೆಲಸ ಮಾಡದಿದ್ದವರಲ್ಲಿ ಅಯೋಡಿನ್ ಮೂತ್ರದಲ್ಲಿ ಪೋಲಾಗಿ, ಗಳಗಂಡ ಮತ್ತು ಹಾರ್ಮೋನಿನ ಕೊರತೆ ಕಾಣಿಸಿಕೊಳ್ಳಬಹುದು.

ಮಾತ್ರೆ ಆರಂಭಿಸುವ ಮೊದಲೇ ಕೂಡಿಟ್ಟ ಹಾರ್ಮೋನು ಖರ್ಚಾಗಬೇಕು. ರಕ್ತದಲ್ಲಿರುವ ಟಿ4 ಅರ್ಧಕ್ಕಿಳಿಯಲು ಸಾಮಾನ್ಯವಾಗಿ ಸುಮಾರು 7 ದಿನ ಬೇಕು. ಆದ್ದರಿಂದ ಹಾರ್ಮೋನಿನ ಮಟ್ಟ ಸಹಜ ಸ್ಥಿತಿಗೆ ಬರಲು ಹೆಚ್ಚಿನವರಿಗೆ 4ರಿಂದ 8 ವಾರ ಹಿಡಿಯುತ್ತದೆ. ಟಿಎಸ್‌ಎಚ್ ಇನ್ನೂ ಕೆಲವು ತಿಂಗಳು ಕಡಿಮೆಯೇ ಇರಬಹುದು. ಅಲ್ಲಿಯವರೆಗೆ ಎದೆಬಡಿತ, ನಡುಕ ತಗ್ಗಿಸಲು ವೈದ್ಯರು ಪ್ರೊಪ್ರನೊಲಾಲ್‌ನಂಥ ಮಾತ್ರೆ ಸೂಚಿಸುತ್ತಾರೆ. ಆಸ್ತಮಾ ಇರುವವರು ಅದನ್ನು ಮುಂಚಿತವಾಗಿ ತಿಳಿಸಬೇಕು. ಗುಣವಾಗಲಿಲ್ಲವೆಂದು ಕಾರ್ಬಿಮಜೋಲ್ ಪ್ರಮಾಣವನ್ನು ತಾವಾಗಿಯೇ ಹೆಚ್ಚಿಸಬಾರದು. ಈ ಮಾತ್ರೆ ಅಪರೂಪಕ್ಕೆ ಬಿಳಿ ರಕ್ತಕಣಗಳನ್ನು ಅಪಾಯಕರ ಮಟ್ಟಕ್ಕೆ ಇಳಿಸುವುದರಿಂದ, ಜ್ವರ, ಗಂಟಲುನೋವು ಅಥವಾ ಬಾಯಿಹುಣ್ಣು ಕಾಣಿಸಿಕೊಂಡರೆ ಮಾತ್ರೆ ನಿಲ್ಲಿಸಿ, ಅದೇ ದಿನ ವೈದ್ಯರನ್ನು ಕಂಡು ರಕ್ತಪರೀಕ್ಷೆ ಮಾಡಿಸಿಕೊಳ್ಳಬೇಕು.